ಮೊದಲು ಎದ್ದು ನಿಂತವಳು

ಡೊಂಬಿವಲಿಯ ಹೊಂಗೆ ಕನ್ನಡ ಬಳಗದ ಕಾರ್ಯಕ್ರಮ ಇಂಥದ್ದೇ ಹೊತ್ತಿಗೆ ಶುರುವಾಗುತ್ತದೆ ಎಂದು ಯಾರೂ ಆಣೆ ಮಾಡಿ ಹೇಳಲಾರರು. ಹೇಗೆ ಮುಗಿಯುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ಬಳಗ ಕಟ್ಟಿದ ಮೇಷ್ಟರೊಬ್ಬರು, ಈಗ ಅವರಿಲ್ಲ, ತಾವೇ ಬರೆದು ತಾವೇ ರಾಗ ಕೂಡಿಸಿದ ಬಳಗಗೀತೆಯೊಂದಿದೆ. ವಂದನಾರ್ಪಣೆಯಾದ ಮೇಲೆ ಸಭೆಯೆಲ್ಲ ಎದ್ದು ನಿಂತು, ಕೈಮುಗಿದು, ಆ ಗೀತೆಯನ್ನು ಕೊನೆಯವರೆಗೂ ಕೇಳಬೇಕು. ಅದು ಮುಗಿದ ಮೇಲೇ ಹಿಂದಿನ ಬಾಗಿಲಲ್ಲಿ ಉಪ್ಪಿಟ್ಟು, ಕೇಸರಿಬಾತು. ಹಾಗಾಗಿ ಮುಂದಿನ ಸಾಲಿನಲ್ಲಿ ಯಾರಾದರೂ ಎದ್ದರೆ ಸಾಕು, ಹಿಂದಿನವರು ಯಾಕೆ ಏನು ಎಂದು ವಿಚಾರಿಸುವುದಿಲ್ಲ, ಎದ್ದೇಬಿಡುತ್ತಾರೆ. ಈ ಒಳ್ಳೆಯ ಅಭ್ಯಾಸದಿಂದ ಯಾರಿಗಾದರೂ ಕೇಡಾದೀತು ಎಂದು ಸ್ವರ್ಣಲತಾ ಕನಸಿನಲ್ಲೂ ಎಣಿಸಿರಲಿಲ್ಲ.

ಸ್ವರ್ಣಲತಾ ಮೈಸೂರಿನ ಹೆಣ್ಣು. ಮದುವೆಯಾಗಿ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ವಸತಿ ಭಾಗಕ್ಕೆ ಬಂದು ಅರ್ಧ ಆಯುಸ್ಸು ಕಳೆದಿತ್ತು. ಐರೋಲಿಯ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದಳು. ದನಿ ಚೆನ್ನಾಗಿದೆ ಎಂಬ ಒಂದೇ ತಪ್ಪಿಗೆ ಬಳಗದ ಎಲ್ಲ ಕಾರ್ಯಕ್ರಮಗಳ ನಿರೂಪಣೆ ಅವಳ ಕೊರಳಿಗೆ ಬಿದ್ದಿತ್ತು. ಬೇಡವೆನ್ನಲು ಅವಳಿಗೂ ಬಾಯಿ ಬರುತ್ತಿರಲಿಲ್ಲ. ಮೈಕಿನ ಮುಂದೆ ನಿಂತು ‘ಆತ್ಮೀಯ ಬಂಧುಗಳೇ’ ಎನ್ನುವಾಗ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಸುಳ್ಳೇಕೆ.

ಅಧ್ಯಕ್ಷ ವಿಷ್ಣುಮೂರ್ತಿಗಳು ಬ್ಯಾಂಕಿನಿಂದ ನಿವೃತ್ತರಾದವರು. ಠಾಣೆಯಲ್ಲಿ ಯಾವುದೋ ಉಪನ್ಯಾಸ ಕೇಳಿ ಬಂದವರೇ, ಮನೆ ಕಟ್ಟುವ ವಿದ್ಯೆಯನ್ನು ಜನಸಾಮಾನ್ಯರಿಗೆ ತಿಳಿಸಬೇಕೆಂದು ಟೊಂಕ ಕಟ್ಟಿದರು. ‘ಮನೆ, ಬೀದಿ, ಊರು’ ಎಂದು ಉಪನ್ಯಾಸಮಾಲೆ ಶುರುವಾಯಿತು. ಮೊದಲನೆಯದು ತೊಟ್ಟಿಮನೆಗಳ ಬಗ್ಗೆ. ತೊಟ್ಟಿಯಲ್ಲಿ ಬೀಳುವ ಬಿಸಿಲು, ಪಡಸಾಲೆಯ ತಂಪು, ಎಲ್ಲವನ್ನೂ ಪರದೆಯ ಮೇಲೆ ನೋಡಿ ನಿಟ್ಟುಸಿರಿಟ್ಟ ಜನ ತಂತಮ್ಮ ಒನ್ ಬಿಎಚ್‌ಕೆಗಳಿಗೆ ಹೋಗಿ ಮಲಗಿದರು. ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಎರಡನೆಯದಕ್ಕೆ ಸಂಯುಕ್ತಾ ಬರುವುದೆಂದಾಯಿತು. ಕಾಲನಿಯ ಹಿಂದೆ, ಕಾರ್ಖಾನೆಗಳ ಗೋಡೆಗೆ ಒತ್ತಿಕೊಂಡಂತೆ ಪಾಂಡುಶೇಠ್ ಚಾಳು ಎಂಬ ಸಾಲುಮನೆಗಳಿದ್ದವು. ಕಲಬುರಗಿ, ರಾಯಚೂರು, ವಿಜಯಪುರದ ಕಡೆಯಿಂದ ದುಡಿಯಲು ಬಂದ ಜನ. ಆ ಚಾಳನ್ನು ಕೆಡವಿ ಬಿಲ್ಡರನೊಬ್ಬ ಟವರ್ ಕಟ್ಟುವವನಿದ್ದ. ಚಾಳಿನವರಿಗೂ ಅದರಲ್ಲೇ ಒಂದೊಂದು ಮನೆ. ಟವರಿನ ವಿನ್ಯಾಸ ಮಾಡಿದ ಕಚೇರಿಯಲ್ಲಿ ಜನರೊಡನೆ ಮಾತಾಡುವ ಕೆಲಸ ಸಂಯುಕ್ತಾಳದು. ಅಪ್ಪ ಅಮ್ಮ ಮೈಸೂರಿನವರು, ಹುಡುಗಿ ಠಾಣೆಯಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಮಾತಾಡಲು ಹೋದರೆ ನಾಲಿಗೆ ಹಿಂದಿಗೆ ಜಾರುತ್ತದೆ.

“ಅವಳು ಹಿಂದಿ, ಇಂಗ್ಲಿಷಲ್ಲಿ ಹೇಳಲಿ ಮೇಡಂ, ನೀವು ಕನ್ನಡ ಮಾಡಿ” ಎಂದರು ವಿಷ್ಣುಮೂರ್ತಿಗಳು. “ಚಾಳಿನವರನ್ನೂ ಕರೆಯೋಣ. ಅವರೂ ಕನ್ನಡಿಗರೇ ತಾನೆ? ಈ ಸಲ ಮುಂದಿನ ಸಾಲು ಅವರಿಗೇ.”

ಬಳಗ ಹುಟ್ಟಿದಂದಿನಿಂದ ಚಾಳಿನವರನ್ನು ಯಾರೂ ಕರೆದಿರಲಿಲ್ಲ. ವಿಷ್ಣುಮೂರ್ತಿಗಳ ಮನಸ್ಸು ದೊಡ್ಡದು ಎಂದು ಸ್ವರ್ಣಲತಾಳಿಗೆ ನಿಜವಾಗಿಯೂ ಅನ್ನಿಸಿತು.

ಚಾಳಿನಲ್ಲಿ ಅವಳಿಗೆ ಗೊತ್ತಿದ್ದವಳು ಮರೆಮ್ಮ. ವಾರಕ್ಕೆರಡು ಸಲ ಜೋಳದ ರೊಟ್ಟಿ ತಂದುಕೊಡುವವಳು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ ಗಂಡ ಬಾಲಪ್ಪನ ಬೆನ್ನು ಬಿದ್ದುಹೋದ ಮೇಲೆ ಆ ಮನೆ ನಡೆಯುತ್ತಿದ್ದುದು ಅವಳ ಒಲೆಯಿಂದ. ಚಾಳಿನ ನಡುವಿನ ಬಯಲಲ್ಲಿ ಒಂದು ಹುಣಸೆಮರ. ಅದರ ಕೆಳಗೆ ಅವಳ ಮಣ್ಣಿನ ಒಲೆ. ಕಾರ್ಖಾನೆಯವರು ಎಸೆದ ಪೆಟ್ಟಿಗೆಯ ಹಲಗೆಗಳೇ ಸೌದೆ. ಬೆಳಗಿನಿಂದ ರೊಟ್ಟಿ ಬಡಿದು, ಸುಟ್ಟು, ಖಡಕ್ ರೊಟ್ಟಿಯನ್ನು ಅಲ್ಲೇ ಗೋಣಿತಾಟಿನ ಮೇಲೆ ಬಿಸಿಲಿಗಿಟ್ಟು, ಮಧ್ಯಾಹ್ನ ಮನೆಮನೆಗೆ ಹಂಚುತ್ತಿದ್ದಳು. ಕಲ್ಯಾಣದ ಎರಡು ಖಾನಾವಳಿಗಳಿಗೂ ಅವಳದೇ ರೊಟ್ಟಿ.

ಉಪನ್ಯಾಸಕ್ಕೆ ಕರೆದಾಗ ಮರೆಮ್ಮ ಬುಟ್ಟಿ ಕೆಳಗಿಟ್ಟು ಕೇಳಿದಳು. “ಅಕ್ಕಾರ, ಆ ಬಾಯಾರು ಬರ್ತಾರಂದ್ರ ಒಂದ ಮಾತ ಕೇಳಬೇಕಾಗೇದ್ರಿ. ಕಟ್ಟಡ ಆಗಲಿ, ಬ್ಯಾಡ ಅನ್ನಂಗಿಲ್ಲ. ನನ್ನ ಒಲಿ ಎಲ್ಲಿ ಇಡಬೇಕು? ಕೆಳಗ ಒಂದೀಟು ಜಾಗ ಬಿಡ್ತಾರೇನು? ಇಷ್ಟಽ ಕೇಳ್ರಿ ನೀವು.”

“ನಾನು ಕೇಳೋದಕ್ಕಿಂತ ನೀನೇ ಕೇಳು ಮರೆಮ್ಮ. ನಿನ್ನ ಬಾಯಿಂದ ಬಂದ್ರೆ ಅದರ ತೂಕವೇ ಬೇರೆ” ಎಂದಳು ಸ್ವರ್ಣಲತಾ. “ಕೊನೇಲಿ ಪ್ರಶ್ನೆಗೆ ಟೈಮ್ ಇರುತ್ತೆ. ನಾನು ನಿನ್ನ ಕಡೆ ನೋಡ್ತೀನಿ. ಆಗ ಎದ್ದು ನಿಂತು ಕೇಳಿಬಿಡು.”

“ಹೂಂನ್ರಿ. ನೀವು ನೋಡಿದ ಕೂಡ್ಲೇ ಏಳ್ತೀನಿ.”

ಆ ಭಾನುವಾರ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಚಾಳಿನ ಹೆಂಗಸರು, ಹಬ್ಬಕ್ಕೆ ಉಡುವ ಇಳಕಲ್ ಸೀರೆಯಲ್ಲಿ. ಪ್ರಾರ್ಥನೆ, ಸ್ವಾಗತ, ದೀಪ. ದೀಪ ಫ್ಯಾನಿನ ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಅತಿಥಿಯ ಪರಿಚಯವನ್ನು ವಿಷ್ಣುಮೂರ್ತಿಗಳು ಅವಳ ತಾತನ ಕಾಲದಿಂದ ಎತ್ತಿಕೊಂಡರು. ಆಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಬಳಗದ ಹಿರಿಯ ಸದಸ್ಯರೊಬ್ಬರಿಗೆ ಹುಟ್ಟುಹಬ್ಬವೆಂದು ಅವರಿಗೂ ಶಾಲು.

ಸಂಯುಕ್ತಾ ಸೊಗಸಾಗಿ ಮಾತಾಡಿದಳು. ಮನೆಯೆಂದರೆ ನಾಲ್ಕು ಗೋಡೆಯಲ್ಲ, ಮನೆಯಿಂದ ಹೊರಗೆ ಬಂದು ಕೂರುವ ಜಾಗವೂ ಮನೆಯೇ ಎಂದಳು. ನೆರೆಹೊರೆಯವರು ಒಬ್ಬರನ್ನೊಬ್ಬರು ನೋಡದಂತೆ ಕಟ್ಟುವ ಕಟ್ಟಡ ಕಟ್ಟಡವೇ ಅಲ್ಲ ಎಂದಳು. ಸ್ವರ್ಣಲತಾ ಒಂದೊಂದು ಮಾತನ್ನೂ ಹದವಾದ ಕನ್ನಡಕ್ಕೆ ತಂದಳು. ಜನ ತಲೆದೂಗಿದರು. ಪರದೆಯ ಮೇಲೆ ಟವರಿನ ಚಿತ್ರ ಬಂತು. ಮೂರನೆಯ ಮಹಡಿಯ ಎತ್ತರದಲ್ಲಿ, ಕಾರು ನಿಲ್ಲಿಸುವ ಜಾಗದ ಛಾವಣಿಯ ಮೇಲೆ ಹುಲ್ಲು ಹಾಸು, ಬೆಂಚು, ಕುಂಡದಲ್ಲಿ ಗಿಡಗಳು. ಇದೇ ನಿಮ್ಮೆಲ್ಲರ ಅಂಗಳ ಎಂದಳು ಸಂಯುಕ್ತಾ. ಇದೇ ನಿಮ್ಮೆಲ್ಲರ ಅಂಗಳ ಎಂದಳು ಸ್ವರ್ಣಲತಾ. ಹೇಳುತ್ತಲೇ ಕೆಳಗೆ ನೋಡಿದಳು. ಮರೆಮ್ಮ ಕತ್ತು ಚಾಚಿ ಆ ಚಿತ್ರದಲ್ಲಿ ಏನನ್ನೋ ಹುಡುಕುತ್ತಿದ್ದಳು.

ಅಷ್ಟರಲ್ಲಿ ಬಾಗಿಲ ಬಳಿ ಗದ್ದಲ. ಸಭಾಂಗಣವನ್ನು ಸಂಜೆಗೆ ಬಾರಸೆಗೆ ಕೊಟ್ಟಿದ್ದರು, ಯಾರದೋ ಮಗುವಿಗೆ ಹೆಸರಿಡುವ ಸಮಾರಂಭ. ಬಲೂನು, ಹೂ ಕಟ್ಟಿದ ತೊಟ್ಟಿಲು, ಮುಖ ಸಿಂಡರಿಸಿಕೊಂಡ ಮರಾಠಿ ಅಜ್ಜಿಯೊಬ್ಬರು, ಎಲ್ಲ ಬಂದು ನಿಂತಿದ್ದರು. ವಿಷ್ಣುಮೂರ್ತಿಗಳು ವೇದಿಕೆಯ ಬದಿಗೆ ಓಡಿಬಂದರು.

“ಪ್ರಶ್ನೋತ್ತರ ಬಿಟ್ಬಿಡಿ ಮೇಡಂ. ಸೀದಾ ವಂದನಾರ್ಪಣೆ.”

“ಸರ್, ಒಂದೇ ಒಂದು ಪ್ರಶ್ನೆ ಇದೆ.”

“ಉಪ್ಪಿಟ್ಟು ತಿಂತಾ ಕೇಳ್ಕೊಳ್ಲಿ. ತೊಟ್ಟಿಲು ಬಾಗಿಲಿಗೆ ಬಂದಿದೆ, ಮಗು ಅಳ್ತಿದೆ, ನಾನೇನು ಮಾಡ್ಲಿ ಹೇಳಿ.”

ಮಗು ಅಳುತ್ತಿದ್ದುದು ನಿಜ. ವಂದನಾರ್ಪಣೆಯನ್ನು ಅವರೇ ಗಡಿಬಿಡಿಯಲ್ಲಿ ಮುಗಿಸಿದರು. ಏನು ಮಾಡಲೂ ತೋಚದೆ ಸ್ವರ್ಣಲತಾ ಮರೆಮ್ಮನ ಕಡೆ ನೋಡಿದಳು. ಕ್ಷಮಿಸು, ಆಮೇಲೆ ಮಾತಾಡೋಣ ಎಂಬಂತೆ ನೋಡಿದಳು.

ನೋಡಿದ ಕೂಡಲೇ ಏಳುತ್ತೇನೆ ಎಂದು ಮಾತು ಕೊಟ್ಟವಳು ಎದ್ದಳು. ಸೆರಗು ಸರಿಮಾಡಿಕೊಂಡಳು. ದೊಡ್ಡವರ ಮುಂದೆ ಮಾತಾಡುವ ಮೊದಲು ಕೈಮುಗಿಯಬೇಕೆಂದು ಕೈಮುಗಿದಳು. “ಎಲ್ಲಾರಿಗೂ ಶರಣ್ರಿ” ಎಂದಳು. ಅದು ಹತ್ತಿರದವರಿಗೆ ಮಾತ್ರ ಕೇಳಿಸಿತು. ಮುಂದಿನ ಸಾಲಿನಲ್ಲಿ ಒಬ್ಬಳು ಎದ್ದು ಕೈಮುಗಿದದ್ದನ್ನು ಕಂಡ ಹಿಂದಿನ ಸಾಲು ಎದ್ದಿತು. ಅದರ ಹಿಂದಿನದು ಎದ್ದಿತು. ಕುರ್ಚಿಗಳ ಸದ್ದಿನೊಂದಿಗೆ ಇಡೀ ಸಭೆ ಎದ್ದು ಕೈಮುಗಿದು ನಿಂತಿತು. ಸಭೆ ಎದ್ದದ್ದನ್ನು ನೋಡಿ, ಗೀತೆ ಹಾಡಲು ವೇದಿಕೆಯ ಬದಿಯಲ್ಲಿ ಕಾದಿದ್ದ ಹುಡುಗಿಯರು ಮೈಕಿಗೆ ಬಾಯಿಟ್ಟು ಬಳಗಗೀತೆ ಎತ್ತಿಕೊಂಡರು. ಮರೆಮ್ಮನ ತುಟಿ ಇನ್ನೂ ಅಲುಗಾಡುತ್ತಲೇ ಇತ್ತು. ಅವಳು ಒಲೆಯ ವಿಷಯವನ್ನು ಪೂರ್ತಿ ಕೇಳಿಯೇ ಬಿಟ್ಟಳು. ವೇದಿಕೆಯ ಮೇಲಿದ್ದವರಿಗೆ ಅವಳೂ ಹಾಡುತ್ತಿದ್ದಾಳೆ ಎಂದೇ ಕಂಡಿತು. ಸಂಯುಕ್ತಾಳ ಜೊತೆ ಬಂದಿದ್ದ ಫೋಟೋಗ್ರಾಫರ್ ಒಂದು ಕಾಲು ಮಂಡಿಯೂರಿ ಫೋಟೋ ತೆಗೆದ.

ಗೀತೆ ಮುಗಿದದ್ದೇ ಜನ ಉಪ್ಪಿಟ್ಟಿಗೆ ನುಗ್ಗಿದರು. ಸಂಯುಕ್ತಾಳ ಸುತ್ತ ಸೆಲ್ಫಿಯವರು. ಮರೆಮ್ಮ ಸಂದಿಯಲ್ಲಿ ತೂರಿಕೊಂಡು ಅವಳ ಕಾರಿನವರೆಗೂ ಹೋದಳು. ಸಂಯುಕ್ತಾ ಅವಳ ಎರಡೂ ಕೈ ಹಿಡಿದು, “ಥ್ಯಾಂಕ್ಯೂ ತಾಯಿ, ಥ್ಯಾಂಕ್ಯೂ ಸೋ ಮಚ್” ಎಂದಳು. ಅವಳ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಶಿಳ್‌ಫಾಟಾದ ಟ್ರಾಫಿಕ್ಕಿಗೆ ಹೆದರಿದ್ದ ಡ್ರೈವರ್ ಕಾರು ಬಿಟ್ಟ.

ಎರಡು ದಿನದ ಮೇಲೆ ಫೋಟೋ ಎಲ್ಲರ ಮೊಬೈಲಿಗೂ ಬಂತು. ಮುಂದೆ ಮರೆಮ್ಮ, ಕೈಮುಗಿದು, ಮುಖವೆತ್ತಿ, ಬಾಯಿ ಅರೆತೆರೆದು. ಹಿಂದೆ ಸಾಲುಸಾಲು ಜನ. ಕೆಳಗೆ ‘ತಮ್ಮ ಹೊಸ ಮನೆಗೆ ಎದ್ದು ನಿಂತು ಗೌರವ ಸಲ್ಲಿಸಿದ ಜನ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಬಳಗದ ಗ್ರೂಪಿನಲ್ಲಿ ಚಪ್ಪಾಳೆಯ ಮಳೆ. ವಿಷ್ಣುಮೂರ್ತಿಗಳು ‘ಬಳಗದ ಇತಿಹಾಸದಲ್ಲೇ ಅವಿಸ್ಮರಣೀಯ’ ಎಂದು ಹಾಕಿದರು. ಸ್ವರ್ಣಲತಾ ಮಾತ್ರ ‘ಅವಳು ಪ್ರಶ್ನೆ ಕೇಳಲು ಎದ್ದಿದ್ದಳು’ ಎಂದು ಬರೆದಳು. ಅದರ ಕೆಳಗೆ ಯಾರೋ ಮೂರು ಗುಲಾಬಿ ಇಟ್ಟರು.

ಮರೆಮ್ಮ ಮುಂದಿನ ಸಲ ರೊಟ್ಟಿ ತಂದಾಗ ಮುಖ ಬಾಡಿತ್ತು. ಚಾಳಿನಲ್ಲಿ ಚಂದ್ರಬಾಯಿ ಎಂಬ ಹಿರಿಯಳು, ಆ ಬಯಲಲ್ಲಿ ಹಪ್ಪಳ ಒಣಗಿಸಿ ಮಾರುವವಳು, ಎಲ್ಲರೆದುರು ಅಂದಿದ್ದಳಂತೆ.

“ನೀನಽ ಮೊದಲು ಎದ್ದು ನಿಂತಾಕಿ. ನೀ ಎದ್ದಿ ಅಂತ ನಾವು ಎದ್ವಿ. ಈಗ ನಾವೆಲ್ಲಾ ಹೂಂ ಅಂದಂಗ ಆತು ಅಂತಾರ. ನಿನಗೇನು ಕೊಟ್ಟಾರ ಹೇಳು” ಅಂದಳಂತೆ. ಅದನ್ನು ಹೇಳುತ್ತ ಮರೆಮ್ಮ ಅಳಲಿಲ್ಲ. “ನಾ ಏನ ಮಾಡ್ಲಿ ಅಕ್ಕಾರ? ನೀವು ನೋಡಿದ್ರಿ, ನಾ ಎದ್ದೆ” ಎಂದಳು.

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಸ್ವರ್ಣಲತಾಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಸಂಯುಕ್ತಾಳಿಗೆ ಫೋನು ಮಾಡಿದರೆ ಮೀಟಿಂಗ್, ಮೆಸೇಜಿಗೆ ‘ಖಂಡಿತ ಮಾತಾಡೋಣ ಆಂಟಿ’. ಹೀಗೇ ಮಳೆಗಾಲ ಅರ್ಧ ಕಳೆಯಿತು. ಐರೋಲಿಯಲ್ಲಿ, ಸ್ವರ್ಣಲತಾಳ ಆಫೀಸಿನ ಪಕ್ಕದ ಕಟ್ಟಡದಲ್ಲೇ ಸಂಯುಕ್ತಾಳದೊಂದು ಸಾರ್ವಜನಿಕ ಉಪನ್ಯಾಸವಿದೆಯೆಂದು ಗೊತ್ತಾಯಿತು. ಆಫೀಸು ಬಿಟ್ಟವಳೇ ಹೋಗಿ ಕೂತಳು. ತಣ್ಣನೆಯ ಸಭಾಂಗಣ, ಮೆತ್ತನೆಯ ಕುರ್ಚಿ, ಬಾಗಿಲಲ್ಲಿ ಕಾಫಿ. ವಿಷಯ, ಜನರ ಮಾತು ಕೇಳುವ ವಾಸ್ತುವಿನ್ಯಾಸ. ಸಂಯುಕ್ತಾ ಅಂದಿಗಿಂತ ಸೊಗಸಾಗಿ ಮಾತಾಡಿದಳು. ಕೊನೆಯಲ್ಲಿ ಪರದೆಯ ತುಂಬ ಮರೆಮ್ಮ. ನಾವು ಜನರ ಭಾಷೆಯಲ್ಲಿ ಮಾತಾಡಿದೆವು, ಯಾರೂ ಹೇಳದೆಯೇ ಅವರು ಎದ್ದು ನಿಂತರು, ಈ ಹೆಂಗಸು ಮೊದಲು ಎದ್ದಳು ಎಂದಳು. ಸಭೆ ಚಪ್ಪಾಳೆ ತಟ್ಟಿತು.

ಇಲ್ಲಿ ಪ್ರಶ್ನೆಗೆ ಧಾರಾಳ ಸಮಯವಿತ್ತು. ತೊಟ್ಟಿಲು ಹೊತ್ತು ಯಾರೂ ಬರುವಂತಿರಲಿಲ್ಲ. ಸ್ವರ್ಣಲತಾ ಕೈಯೆತ್ತಿದಳು, ಮೈಕು ಬಂತು. ಇಂಗ್ಲಿಷಿನಲ್ಲಿ ಒಂದೂ ಬಿಡದೆ ಹೇಳಿದಳು. ಆಕೆಯ ಹೆಸರು ಮರೆಮ್ಮ. ಆಕೆ ಗೌರವ ಕೊಡಲು ಎದ್ದದ್ದಲ್ಲ, ತನ್ನ ರೊಟ್ಟಿ ಒಲೆಗೆ ಕೆಳಗೆ ಜಾಗವಿದೆಯೇ ಎಂದು ಕೇಳಲು ಎದ್ದಳು. ಉಳಿದವರು ಹಾಡಿಗೆ ಎದ್ದರು. ಆ ಪ್ರಶ್ನೆಗೆ ಉತ್ತರ ಇನ್ನೂ ಸಿಕ್ಕಿಲ್ಲ.

ಸಂಯುಕ್ತಾ ಎದೆಯ ಮೇಲೆ ಕೈಯಿಟ್ಟುಕೊಂಡಳು. ಇದಕ್ಕಾಗಿಯೇ, ಸರಿಯಾಗಿ ಇದಕ್ಕಾಗಿಯೇ ಇಂಥ ಸಂವಾದಗಳು ಬೇಕು ಎಂದಳು. ನಮ್ಮ ತಪ್ಪನ್ನು ನಮಗೆ ತೋರಿಸಿದ ಈ ಆಂಟಿಗೆ ದೊಡ್ಡ ಚಪ್ಪಾಳೆ ಎಂದಳು. ಸಭೆ ಮರೆಮ್ಮನ ಚಿತ್ರಕ್ಕೆ ತಟ್ಟಿದ್ದಕ್ಕಿಂತ ಜೋರಾಗಿ ಸ್ವರ್ಣಲತಾಳಿಗೆ ಚಪ್ಪಾಳೆ ತಟ್ಟಿತು. ಚಪ್ಪಾಳೆ ಮುಗಿಯುವಷ್ಟರಲ್ಲಿ ಮೈಕು ಇನ್ನೊಬ್ಬರ ಕೈಗೆ ಹೋಗಿತ್ತು. ಅವರು ಬಿದಿರಿನ ಬಗ್ಗೆ ಕೇಳುತ್ತಿದ್ದರು.

ಆಮೇಲೆ ಕಾಫಿಯ ಹತ್ತಿರ ಸಂಯುಕ್ತಾ ತಾನಾಗಿಯೇ ಬಂದಳು. “ಆಂಟಿ, ಐ ಫೀಲ್ ಟೆರಿಬಲ್. ಸಚ್ ಮೇಂ. ಆದ್ರೆ ಡ್ರಾಯಿಂಗ್ ಫೈನಲ್ ಹೋ ಗಯಾ. ಟವರ್ ಒಳಗೆ ಸೌದೆ ಒಲೆ ಫೈರ್ ಬ್ರಿಗೇಡ್‌ವಾಲೇ ಅಲೌ ಮಾಡಲ್ಲ. ಕೆಳಗೆ ಫುಲ್ ಪಾರ್ಕಿಂಗ್. ನನ್ ಹಾಥ್ ಮೇಂ ಕುಛ್ ನಹೀ ಹೈ.”

“ಆ ಫೋಟೋನಾದ್ರೂ ತೆಗೀಬಹುದಲ್ಲಮ್ಮ.”

“ಅದು ಬಿಲ್ಡರ್ ಫೈಲಲ್ಲಿ ಹೋಗಿದೆ ಆಂಟಿ. ಜನ ಒಪ್ಪಿದಾರೆ ಅಂತ.” ಅವಳು ಸ್ವರ್ಣಲತಾಳ ತೋಳು ಹಿಡಿದುಕೊಂಡಳು. “ನೆಕ್ಸ್ಟ್ ಟಾಕ್ ಕಲ್ಯಾಣ್‌ನಲ್ಲಿ. ನೀವು ಪ್ಯಾನೆಲ್ ಮೇಲೆ ಬನ್ನಿ, ಪ್ಲೀಸ್. ನಿಮ್ಮಂಥೋರು ಮಾತಾಡ್ಬೇಕು.”

ಸಿಟ್ಟು ಮಾಡಲು ಒಬ್ಬ ದುಷ್ಟ ಸಿಕ್ಕಿದ್ದರೆ ಚೆನ್ನಾಗಿತ್ತು. ಸಿಕ್ಕವಳು ಕಣ್ಣಲ್ಲಿ ನೀರು ತುಂಬಿಕೊಂಡ, ತನ್ನ ಮಗಳ ವಯಸ್ಸಿನ ಹುಡುಗಿ. ಟ್ರಾನ್ಸ್ ಹಾರ್ಬರ್ ರೈಲಿನಲ್ಲಿ ಠಾಣೆಗೆ ಬಂದು, ಅಲ್ಲಿಂದ ಡೊಂಬಿವಲಿಯ ನೂಕುನುಗ್ಗಲಿನಲ್ಲಿ ನಿಂತು ಬರುವಾಗ ಸ್ವರ್ಣಲತಾಳಿಗೆ ಯಾರ ಮೇಲೂ ಕೋಪ ಬರಲಿಲ್ಲ.

ದಸರೆ ಕಳೆದ ಮೇಲೆ ಚಾಳು ಖಾಲಿಯಾಯಿತು. ಟವರ್ ಏಳುವವರೆಗೆ ಇರಲೆಂದು ಜನರಿಗೆ ಹೆದ್ದಾರಿಯ ಆಚೆ ಬಾಡಿಗೆ ಖೋಲಿಗಳನ್ನು ಕೊಟ್ಟರು. ಹುಣಸೆಮರ ಕಡಿದರು. ಬಯಲಿನ ಸುತ್ತ ಎತ್ತರದ ತಗಡು ನಿಲ್ಲಿಸಿದರು. ತಗಡಿನ ಮೇಲೆ ಉದ್ದಕ್ಕೂ ಟವರಿನ ಚಿತ್ರ, ಅದರ ಪಕ್ಕದಲ್ಲಿ ಮರೆಮ್ಮ, ಆಳೆತ್ತರಕ್ಕಿಂತ ದೊಡ್ಡದಾಗಿ, ಕೈಮುಗಿದುಕೊಂಡು. ಮರೆಮ್ಮ ಹೆದ್ದಾರಿಯಾಚೆ ಫುಟ್‌ಪಾತಿನಲ್ಲಿ ಒಲೆ ಹೂಡಿದಳು. ನಗರಪಾಲಿಕೆಯ ಗಾಡಿ ಬಂದು ಒಡೆದು ಹೋಯಿತು. ಮತ್ತೆ ಹೂಡಿದಳು, ಮತ್ತೆ ಒಡೆದರು. ಕೊನೆಗೆ ಖೋಲಿಯೊಳಗೆ ಗ್ಯಾಸಿನ ಮೇಲೆ ಸುಡತೊಡಗಿದಳು. ಸಿಲಿಂಡರಿಗೇ ದುಡಿಮೆ ಹೋಗುತ್ತಿತ್ತು. ಒಂದೇ ಕೋಣೆ, ಗೋಡೆಯ ಕಡೆ ತಿರುಗಿ ಮಲಗಿದ ಬಾಲಪ್ಪನ ಕಾಲ ಬಳಿ ಹಿಟ್ಟು ನಾದುವ ಪರಾತ. ರೊಟ್ಟಿ ಒಣಗಿಸಲು ಬಿಸಿಲಿಲ್ಲ. ಕಲ್ಯಾಣದ ಖಾನಾವಳಿಯವರು ಬೇರೆಯವರನ್ನು ನೋಡಿಕೊಂಡರು.

ಸ್ವರ್ಣಲತಾ ಮಾತ್ರ ಬಿಡದೆ ತೆಗೆದುಕೊಳ್ಳುತ್ತಿದ್ದಳು. ರೊಟ್ಟಿ ದಪ್ಪಗೆ, ಚಕ್ಕೆಯಂತೆ ಇರುತ್ತಿತ್ತು. “ಚೆನ್ನಾಗಿದೆ ಮರೆಮ್ಮ” ಎಂದಳು ಒಮ್ಮೆ.

“ಸುಳ್ಳ ಹೇಳಬ್ಯಾಡ್ರಿ ಅಕ್ಕಾರ” ಎಂದಳು ಮರೆಮ್ಮ, ಮೆತ್ತಗೆ.

ಜನವರಿಯಲ್ಲಿ ಬಳಗದ ವಾರ್ಷಿಕೋತ್ಸವ. ತಗಡಿನ ಮೇಲಿನ ಚಿತ್ರದಿಂದ ಬಳಗಕ್ಕೆ ಹೆಸರು ಬಂದಿದೆಯೆಂದೂ, ಅದಕ್ಕೆ ಕಾರಣಳಾದ ಶ್ರಮಜೀವಿ ಮಹಿಳೆಗೆ ಸನ್ಮಾನ ಮಾಡಲೇಬೇಕೆಂದೂ ವಿಷ್ಣುಮೂರ್ತಿಗಳು ನಿರ್ಧರಿಸಿಬಿಟ್ಟಿದ್ದರು. ಸ್ವರ್ಣಲತಾ ನಡೆದದ್ದನ್ನೆಲ್ಲ ಹೇಳಿದಳು. ಅವರು ಕನ್ನಡಕ ತೆಗೆದು, ಗಮನವಿಟ್ಟು ಕೇಳಿ, ನೊಂದುಕೊಂಡರು.

“ಅಯ್ಯೋ ಪಾಪ. ಹಾಗಿದ್ರೆ ಸನ್ಮಾನ ಮಾಡೋದು ಇನ್ನೂ ಜರೂರು ಅಲ್ವಾ ಮೇಡಂ? ಅಷ್ಟಾದ್ರೂ ಸಮಾಧಾನ ಆಗ್ಲಿ ಆಕೆಗೆ.”

ಕರೆಯಲು ಹೋದಾಗ ಮರೆಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಕೇಳಿಸಿಕೊಳ್ಳುತ್ತಲೇ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು.

“ಮೈಕ್ ಕೊಡ್ತಾರೇನ್ರಿ ನನಗ?”

“ಕೇಳ್ತೀನಿ ಮರೆಮ್ಮ.”

“ಕೇಳ್ರಿ. ಬರ್ತೀನಿ.”

ಸ್ವರ್ಣಲತಾ ಕೇಳಿದಳು. ಸನ್ಮಾನಿತರು ಹತ್ತು ಜನ ಇದ್ದಾರೆ, ಒಬ್ಬರಿಗೆ ಮೈಕು ಕೊಟ್ಟರೆ ಒಂಬತ್ತು ಜನಕ್ಕೆ ಬೇಜಾರು ಎಂದರು ವಿಷ್ಣುಮೂರ್ತಿಗಳು. ತಾನು ನಿರೂಪಕಿ, ಮೈಕು ತನ್ನ ಕೈಯಲ್ಲೇ ಇರುತ್ತದೆ, ಕೊಟ್ಟೇಬಿಡುತ್ತೇನೆ ಎಂದು ಸ್ವರ್ಣಲತಾ ಒಳಗೇ ಗಟ್ಟಿಮಾಡಿಕೊಂಡಳು. ಆ ದಿನ ಮರೆಮ್ಮ ಅದೇ ಇಳಕಲ್ ಸೀರೆಯಲ್ಲಿ ವೇದಿಕೆ ಹತ್ತಿದಳು. ಶಾಲು ಹೊದಿಸಿದರು, ಹಣ್ಣು ಕೊಟ್ಟರು. ಸ್ವರ್ಣಲತಾ ಮೈಕನ್ನು ಅವಳತ್ತ ಚಾಚಿದಳು. ಸನ್ಮಾನಪತ್ರ ಓದುವವರು ಅದು ತಮಗೇ ಎಂದುಕೊಂಡು, ಥ್ಯಾಂಕ್ಸ್ ಮೇಡಂ ಎಂದು, ನಡುವೆಯೇ ತೆಗೆದುಕೊಂಡರು. ಪತ್ರ ಓದಿ ಮುಗಿಸುವಷ್ಟರಲ್ಲಿ ಸ್ವಯಂಸೇವಕರು ಮರೆಮ್ಮನನ್ನು ಕೈಹಿಡಿದು ಇಳಿಸಿ, ನಾಲ್ಕನೆಯ ಸಾಲಿನಲ್ಲಿ ಕೂರಿಸಿ ಆಗಿತ್ತು.

ವಂದನಾರ್ಪಣೆ ಮುಗಿಯಿತು. ಯಾರೋ ಎದ್ದರು, ಎಲ್ಲರೂ ಎದ್ದರು. ಮರೆಮ್ಮ ಏಳಲಿಲ್ಲ.

ಶಾಲನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. “ಏಳಮ್ಮ, ಬಳಗಗೀತೆ” ಎಂದು ಪಕ್ಕದವರು ತೋಳು ತಿವಿದರು. “ಕೂಡಾಕ ಬಿಡ್ರಿ ನನ್ನ” ಎಂದಳು. ಹಿಂದಿನಿಂದ ಯಾರೋ ಛೇ ಎಂದರು. ವೇದಿಕೆಯಿಂದ ವಿಷ್ಣುಮೂರ್ತಿಗಳು, ಪಾಪ, ಕೈಯಾಡಿಸಿ ಏಳು ಏಳು ಎಂದು ಸನ್ನೆ ಮಾಡಿದರು. ನಿಂತವರ ಸಂದಿಯಲ್ಲಿ ಕಂಡಷ್ಟರಲ್ಲಿ ಮರೆಮ್ಮ ಅವರನ್ನು ನೋಡುತ್ತಿರಲಿಲ್ಲ. ಸ್ವರ್ಣಲತಾಳನ್ನು ನೋಡುತ್ತಿದ್ದಳು.

ತಾನೂ ಕೂತುಬಿಡಬೇಕು ಎಂದು ಸ್ವರ್ಣಲತಾಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದು ಎಷ್ಟು ಜೋರಾಗಿತ್ತೆಂದರೆ ಅವಳು ತಿರುಗಿ ನೋಡಿಯೂಬಿಟ್ಟಳು. ನಿರೂಪಕಿಗೆ ವೇದಿಕೆಯ ಮೇಲೆ ಕುರ್ಚಿ ಹಾಕಿರಲಿಲ್ಲ, ಯಾವತ್ತೂ ಹಾಕುವುದಿಲ್ಲ. ಮೈಕಿನ ಕಂಬ ಸಡಿಲವಾಗಿ ಬಾಗುತ್ತಿತ್ತು. ಹುಡುಗಿಯರು ಕಣ್ಸನ್ನೆ ಮಾಡಿದರು. ಅವಳು ಅದನ್ನು ಹಿಡಿದುಕೊಂಡು ಗೀತೆ ಮುಗಿಯುವವರೆಗೂ ನಿಂತಳು.

ಮರುದಿನ ಬೆಳಗ್ಗೆ ಠಾಣೆಯ ರೈಲಿನಲ್ಲಿ, ಜನರ ಮೊಣಕೈಗಳ ನಡುವೆ, ಬಳಗದ ಗ್ರೂಪಿಗೆ ಬಂದ ಫೋಟೋ ತೆರೆದಳು. ತುಂಬಿದ ಸಭೆ, ಎಲ್ಲರೂ ಎದ್ದು ಕೈಮುಗಿದಿದ್ದರು. ಬೆರಳಲ್ಲಿ ಹಿಗ್ಗಿಸಿ ನಾಲ್ಕನೆಯ ಸಾಲನ್ನು ಹುಡುಕಿದಳು. ಮುಂದೆ ನಿಂತವರ ಹೊಟ್ಟೆ, ಸೀರೆ, ಮುಗಿದ ಕೈಗಳು. ಎಷ್ಟು ಹಿಗ್ಗಿಸಿದರೂ ಕೂತವಳು ಕಾಣಲಿಲ್ಲ.